ಮುತ್ತಿಡಲೊಂದು ಚಿನ್ನದ ಶಿಲುಬೆ

ಬ್ರೂಜ್ ಪಟ್ಟಣದಲ್ಲಿ ಕೈಬರಹದ ಪ್ರಾರ್ಥನಾ ಪುಸ್ತಕದ ಬಳ್ಳಿ ಹೂವುಗಳನ್ನು ಯಾರೇ ಬರೆಯಲಿ, ಸಂತರ ಮುಖ ಬರೆಸಲು ಮಾತ್ರ ಕಾತ್ಲೀನಳ ಬಳಿಗೇ ಬರುತ್ತಿದ್ದರು. ಅಪ್ಪನ ಅಂಗಡಿಯಲ್ಲಿ ಅವಳು ಮೊದಲು ಕಲಿತದ್ದು ಚಿನ್ನದ ರೇಕು ಕೂರಿಸುವುದು, ಆಮೇಲೆ ನಿಲುವಂಗಿಯ ನೀಲಿ. ಮುಖಕ್ಕೆ ಕುಂಚ ತಾಗಿಸಲು ಅಪ್ಪ ಬಿಟ್ಟಾಗ ಅವಳ ತಲೆಯಲ್ಲಿ ಬಿಳಿಗೂದಲು ಇಣುಕಿತ್ತು. ಮದುವೆಯಾಗಲಿಲ್ಲ. ಕೇಳಿದವರಿಗೆ, "ದಿನಾ ಸಂತರ ಮುಖ ನೋಡೋಳಿಗೆ ನಿಮ್ಮೂರ ಗಂಡಸರ ಮುಖ ಹಿಡಿಸುತ್ತಾ?" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ತುಂಬು ಬಸುರಿ ಅಲೇತ್ ತನ್ನ ಅತ್ತೆ ಗೋಡೆಲೀವಳ ಜೊತೆ ಬಂದು ಪುಸ್ತಕ ಬಿಚ್ಚಿಟ್ಟಳು. ಹೆರುವವರನ್ನು ಕಾಯುವ ಸಂತ ಮಾರ್ಗರೀತಳ ಪುಟ. ತನ್ನನ್ನು ನುಂಗಿದ ಘಟಸರ್ಪದ ಹೊಟ್ಟೆ ಸೀಳಿಕೊಂಡು ಸಂತಳು ಕೈಮುಗಿದು ಮೇಲೇಳುತ್ತಿದ್ದಳು. ಮುಖದ ಜಾಗದಲ್ಲಿ ಮಾತ್ರ ಹಾಳೆಯ ಬರಿಯ ಚರ್ಮ. ಅಲೇತಳ ಅಜ್ಜಿ, ಅಮ್ಮ ಇಬ್ಬರೂ ಹೆರಿಗೆಯ ನೋವಿನಲ್ಲಿ ಮುತ್ತಿಟ್ಟು ಮುತ್ತಿಟ್ಟು ಅದು ಅಳಿಸಿಹೋಗಿತ್ತು.

"ಹೋದ ಸಲ ನಾನೂ ಇದಕ್ಕೇ ಮುತ್ತಿಟ್ಟೆ ಅಕ್ಕಾ. ಮಗು ಉಳೀಲಿಲ್ಲ," ಎಂದಳು ಅಲೇತ್. "ಕಣ್ಣೇ ಇಲ್ಲದೋಳು ನನ್ನನ್ನ ಹೇಗೆ ನೋಡ್ತಾಳೆ?"

ಕಾತ್ಲೀನ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಖ ಬರೆಯುವುದು ಅವಳಿಗೆ ಕಷ್ಟವಲ್ಲ. ಆದರೆ ಗೋಂದಿನ ಬಣ್ಣ ಒದ್ದೆ ತುಟಿ ತಾಗಿದರೆ ಎದ್ದುಬರುತ್ತದೆ. ಹೊಸ ಮುಖ ಮೊದಲ ನೋವಿಗೇ ಅಳಿಸಿಹೋದರೆ, ಹೆರುವ ಹೊತ್ತಿಗೆ ಈ ಹುಡುಗಿಯ ಮುಂದೆ ಮತ್ತೆ ಅದೇ ಬೋಳು ಚರ್ಮ.

"ಮುಖ ಬರೀತೀನಿ. ಕೆಳಗೆ ಅಂಚಲ್ಲಿ ಚಿನ್ನದ ಶಿಲುಬೆ ಒಂದು ಕೂರಿಸ್ತೀನಿ. ನಿನ್ನ ಕಣ್ಣು ಮುಖದ ಮೇಲಿರಲಿ, ತುಟಿ ಶಿಲುಬೆ ಮೇಲೆ."

ಗೋಡೆಲೀವ ಹುಬ್ಬೇರಿಸಿದಳು. "ಅದು ಪಾದ್ರಿಗಳು ಮುತ್ತಿಡೋಕೆ ಅವರ ಪೂಜೆ ಪುಸ್ತಕದಲ್ಲಿ ಇರೋದು. ಹೆಂಗಸರ ಪುಸ್ತಕದಲ್ಲಿ ಎಲ್ಲಾದ್ರೂ ನೋಡಿದೀಯಾ?"

"ಹೆರೋದು ಪಾದ್ರಿಗಳೇನಮ್ಮಾ?"

ಅಲೇತ್ ನಕ್ಕಳು, ಬಂದಾಗಿನಿಂದ ಮೊದಲ ಸಲ.

ಚಿನ್ನ ಮೊದಲು, ಮುಖ ಕೊನೆಗೆ. ಕಾತ್ಲೀನ ಶಿಲುಬೆಯ ಆಕಾರಕ್ಕೆ ಮೆತ್ತಿದ ಸುಣ್ಣದಂಟು ತೇವವಾಗಲೆಂದು ಕೊಳವೆಯಿಂದ ಉಸಿರೂದಿ ರೇಕು ಕೂರಿಸಿದಳು, ಹಿಡಿಗೆ ಕಟ್ಟಿದ ನಾಯಿಹಲ್ಲಿನಿಂದ ಉಜ್ಜಿ ಹೊಳಪೇರಿಸಿದಳು. ಆಮೇಲೆ ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡಿಕೊಂಡು ಕಣ್ಣುಗಳನ್ನು ಬರೆದಳು. ಅವು ಆಕಾಶವನ್ನು ನೋಡಲಿಲ್ಲ. ಪುಸ್ತಕ ಹಿಡಿದವಳನ್ನೇ ನೋಡಿದವು.

ಬಾಣಂತನ ಮುಗಿಸಿ ಚರ್ಚಿಗೆ ಹೋದ ದಿನ ಅಲೇತ್ ಹೆಣ್ಣುಕೂಸನ್ನೆತ್ತಿಕೊಂಡು ಬಂದಳು. ಹಿಂದೆಯೇ ಗೋಡೆಲೀವ. ಕಾತ್ಲೀನ ಮೊದಲು ಕೂಸನ್ನು ನೋಡಿದಳು, ಆಮೇಲೆ ಪುಟವನ್ನು. ಶಿಲುಬೆಯ ಒಂದು ತೋಳು ಸವೆದು ಕೆಳಗಿನ ಸುಣ್ಣ ಕಾಣುತ್ತಿತ್ತು. ಕಣ್ಣುಗಳು ಹಾಗೇ ಇದ್ದವು. ಆದರೆ ಒಂದು ಕೆನ್ನೆ ಕದಡಿತ್ತು.

"ಇದೇನೇ ಇದು? ಅಷ್ಟು ಹೇಳಿದ್ನಲ್ಲ!"

"ನಾನಲ್ಲ ಅಕ್ಕಾ, ದೇವರಾಣೆ. ಕೂಸು ಅತ್ತ ಕೂಡಲೇ ಅತ್ತೆ ಪುಸ್ತಕ ಎತ್ಕೊಂಡು ಆ ಕೆನ್ನೆಗೇ..."

ಗೋಡೆಲೀವ ಕೂಸಿನ ಟೋಪಿ ಸರಿಮಾಡುತ್ತ ಯಾರ ಮುಖವನ್ನೂ ನೋಡದೆ ಹೇಳಿದಳು: "ಆ ಶಿಲುಬೆ ಹೆರೋರಿಗೆ ತಾನೇ? ಈ ಕೂಸನ್ನ ನಾನೆಲ್ಲಿ ಹೆತ್ತೆ?"

ಕಾತ್ಲೀನಳಿಗೆ ನಗು ತಡೆಯಲಾಗಲಿಲ್ಲ. ಸವೆದ ತೋಳಿಗೆ ಹೊಸ ಚಿನ್ನ ಕೂರಿಸಿಕೊಟ್ಟಳು. ಕೆನ್ನೆಯನ್ನು ಮುಟ್ಟಲಿಲ್ಲ.