ಎಡಗಣ್ಣಿಗೆ ಯಾವ ಲೆನ್ಸು?

ಚಿಕ್ಕಂದಿನಿಂದಲೂ ನನಗೆ ದೂರದ್ದು ಕಾಣುತ್ತಿರಲಿಲ್ಲ. ಕನ್ನಡಕವಿಲ್ಲದಿದ್ದರೆ ಎದುರಿಗೆ ಬರುವವರು ಬೀಗರೋ ಹಾಲಿನವನೋ ತಿಳಿಯುತ್ತಿರಲಿಲ್ಲ. ಆದರೆ ಕನ್ನಡಕ ತೆಗೆದಿಟ್ಟು ಮೂಗಿನ ಹತ್ತಿರ ಹಿಡಿದರೆ ಸಾಸಿವೆಯೊಳಗಿನ ಕಲ್ಲೂ ನನ್ನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಹೋದ ವರ್ಷ ನಮ್ಮ ಯಜಮಾನರಿಗೆ ಲಕ್ವ ಹೊಡೆದು ದನಿ ಹೋಯಿತು. ತುಟಿ ಮಾತ್ರ ಅಲ್ಲಾಡುತ್ತದೆ. ನಾನು ಕನ್ನಡಕ ತೆಗೆದು ಅವರ ಮುಖದ ಮೇಲೆ ಬಗ್ಗಿ ಆ ತುಟಿ ಓದುತ್ತಿದ್ದೆ. ಮಗಳಿಗೂ ತಿಳಿಯದ ಮಾತು ನನಗೆ ತಿಳಿಯುತ್ತಿತ್ತು. ಇಷ್ಟು ವರ್ಷ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದ್ದು ದಂಡವಾಗಲಿಲ್ಲ ನೋಡಿ.

ಈಚೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಎಲ್ಲ ಮಬ್ಬು, ಟ್ಯೂಬ್‌ಲೈಟಿನ ಸುತ್ತ ಬೆಳಕು ಚೆಲ್ಲಿದಂತೆ. ನಾಲ್ಕಾರು ದಿನಕ್ಕೆ ತಿಳಿಯಾಯಿತು. ಹಳದಿ ಎಂದುಕೊಂಡಿದ್ದ ಅಡುಗೆಮನೆಯ ಗೋಡೆ ಬಿಳಿಯದೆಂದು ಗೊತ್ತಾಯಿತು. ಎದುರು ಬಿಲ್ಡಿಂಗಿನ ಟ್ಯಾಂಕಿನ ಮೇಲೆ ಕೂತ ಕಾಗೆಯ ಕೊಕ್ಕು ಕಂಡಿತು! ಹುಚ್ಚಿಯಂತೆ ಕಿಟಕಿ ಬಿಡದೆ ನಿಂತೆ.

"ಮಮ್ಮಿ, ಬಸ್ ಕರೋ, ಎದುರು ಬಿಲ್ಡಿಂಗ್ ಮಂದಿ ಪರದಾ ಹಾಕ್ಕೋತಾರ ಈಗ," ಎಂದು ಮುಂಬಯಿಯಲ್ಲೇ ಬೆಳೆದ ಮಗಳು ನಕ್ಕಳು.

ಬಗ್ಗಬೇಡಿ ಎಂದಿದ್ದರಿಂದ ಅಷ್ಟು ದಿನ ಮಗಳೇ ಉಣಿಸಿದ್ದಳು; ಅವತ್ತು ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ನಾನೇ ಯಜಮಾನರ ಮೇಲೆ ಬಗ್ಗಿದೆ. ಮುಖವೇ ಇಲ್ಲ. ಹೊಸ ಕಣ್ಣಿಗೆ ಅದೊಂದು ಕದಡಿದ ಮುದ್ದೆ, ಪೊರೆಯಿದ್ದ ಎಡಗಣ್ಣಿಗೆ ಮಂಜು. ಕಣ್ಣೊಳಗೆ ಹಾಕಿದ್ದು ದೂರ ಕಾಣುವ ಲೆನ್ಸು, ಹತ್ತಿರದ್ದಕ್ಕೆ ತಿಂಗಳಾದ ಮೇಲೆ ಚಷ್ಮಾ ಎಂದು ಡಾಕ್ಟರು ಹೇಳಿದ್ದರು. ಆದರೆ ಗಂಡನ ಮುಖವೂ ಹತ್ತಿರದ್ದರ ಲೆಕ್ಕಕ್ಕೆ ಬರುತ್ತದೆಂದು ನನಗೆ ಹೊಳೆದಿರಲಿಲ್ಲ.

ತುಟಿ ಅಲ್ಲಾಡಿತು. ತಿಳಿಯಲಿಲ್ಲ. ಹಿಂದೆ ಸರಿದೆ, ಇನ್ನೂ ಸರಿದೆ. ಬಾಗಿಲ ಹತ್ತಿರ ಹೋದಾಗ ತುಟಿ ಸ್ಪಷ್ಟವಾಯಿತು. ಅವರು ಕೇಳುತ್ತಿದ್ದರು: "ಯಾಕ ದೂರ ಹೊಂಟಿ?"

ಕಣ್ಣಿಗೆ ನೀರು ತಾಗಿಸಬೇಡಿ ಎಂದಿದ್ದರು ಆಸ್ಪತ್ರೆಯಲ್ಲಿ. ಒಳಗಿನಿಂದ ಬರುವ ನೀರಿಗೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಹತ್ತಿರ ಬಂದು ಅವರ ಕೈ ಹಿಡಿದು, "ಎಲ್ಲೂ ಹೊಂಟಿಲ್ರೀ, ನಿಮ್ಮ ಮಾತು ನೋಡಾಕ ಹೋಗಿದ್ದೆ," ಎಂದೆ.

ಆಮೇಲಿನ ದಿನಗಳಲ್ಲಿ ಬಲಗಣ್ಣು ಮುಚ್ಚಿ, ಎಡಗಣ್ಣಿನ ಮಂಜಿನಲ್ಲೇ ಹೇಗೋ ಓದುತ್ತಿದ್ದೆ. ಅದೂ ದಿನೇ ದಿನೇ ಮಸುಕಾಗುತ್ತಿತ್ತು. ಅದರ ಆಪರೇಷನ್ ತಪ್ಪುವಂತಿರಲಿಲ್ಲ.

"ಅದಕ್ಕೂ ದೂರದ್ದೇ ಹಾಕಿಸ್ಕೋ ಮಮ್ಮಿ. ಸ್ಟೇಷನ್‌ದಾಗ ಟ್ರೇನ್ ಇಂಡಿಕೇಟರ್ ಸಾಫ್ ಕಾಣ್ತದ. ಹತ್ತಿರಕ್ಕ ಚಷ್ಮಾ ಹೈ ನಾ?" ಎಂದಳು ಮಗಳು. ಅವಳು ಹೇಳಿದ್ದು ತಪ್ಪಲ್ಲ. ಆದರೆ ಕೂಗಲು ದನಿಯಿಲ್ಲದ ಮನುಷ್ಯ ತುಟಿ ಅಲ್ಲಾಡಿಸುವಾಗ, ಚಷ್ಮಾ ಎಲ್ಲಿಟ್ಟೆ ಎಂದು ಹುಡುಕುತ್ತ ಕೂತಿರಲೇ? ನನಗೆ ಭಯವಾಗಿತ್ತು. ಅವರ ಕೊನೆಯ ಮಾತೊಂದು ನನ್ನ ಕಣ್ತಪ್ಪಿ ಹೋದೀತೆಂಬ ಭಯ.

ಮಲಾಡಿನ ಆಸ್ಪತ್ರೆಗೆ ಮತ್ತೆ ಹೋದಾಗ, ಎಡಗಣ್ಣಿಗೆ ಹತ್ತಿರದ ಲೆನ್ಸು ಬೇಕೆಂದೆ. ಎರಡು ಕಣ್ಣು ಎರಡು ತರಹವಾದರೆ ಮೊದಮೊದಲು ತಲೆ ತಿರುಗಬಹುದು ಎಂದರು ಡಾಕ್ಟರಮ್ಮ. ತಿರುಗಲಿ ಎಂದೆ. ಎಷ್ಟು ಹತ್ತಿರ ಕಾಣಬೇಕು ಎಂದು ಕೇಳಿದರು. ಮುಖದ ಮುಂದೆ ಗೇಣು ಹಿಡಿದು ತೋರಿಸಿದೆ.

ಅವರು ನಕ್ಕರು. ಇಷ್ಟು ಹತ್ತಿರ ಹಿಡಿದು ಯಾರೂ ಪುಸ್ತಕ ಓದುವುದಿಲ್ಲ ಎಂದರು.

"ಪುಸ್ತಕ ಅಲ್ರೀ," ಎಂದೆ, "ನಮ್ಮ ಮನಿಯವರು."