ತೆಂಕಣ ಗುಹೆಯ ನೇರಳೆ ಸ್ಪಂಜು

ಗ್ರೀಸಿನ ಕಾಲಿಮ್ನೋಸ್ ದ್ವೀಪದ ಸಕೆಲ್ಲಾರಿಸ್ ಮೂವತ್ತು ವರ್ಷ ಸಮುದ್ರಕ್ಕಿಳಿದು ಸ್ಪಂಜು ಕೊಯ್ದವನು. ಒಳ್ಳೆಯ ಸ್ಪಂಜಿರುವ ಜಾಗವನ್ನು ಹೆಂಡತಿಗೂ ಹೇಳಿದವನಲ್ಲ. ಅಲ್ಲಿ ಯಾರೂ ಹೇಳುವುದಿಲ್ಲ. ತೆಂಕಿನಲ್ಲಿ ಸಿಕ್ಕಿದ್ದನ್ನು ಬಡಗಿನಲ್ಲಿ ಸಿಕ್ಕಿತು ಅನ್ನುವುದು ಅವರಿಗೆ ಸುಳ್ಳಲ್ಲ, ಕಸುಬು.

ಒಂದು ವಸಂತದಲ್ಲಿ ಅರ್ಗಿರೋ ಎಂಬ ಸಂಶೋಧಕಿ ಅಥೆನ್ಸಿನಿಂದ ಬಂದಳು. ಮೈ ಉಜ್ಜಲೂ ಬಾರದ್ದೆಂದು ಅವನು ಎಸೆಯಲಿದ್ದ ನಾರುವ ನೇರಳೆ ಸ್ಪಂಜೊಂದನ್ನು ಕೇಳಿ ಪಡೆದಳು. ಬೇಸಿಗೆಗೆ ತಿರುಗಿ ಬಂದಾಗ ಅವಳ ಮುಖ ಅರಳಿತ್ತು.

"ಮಾವ, ಅದರ ರಸ ಗಾಜಿನ ತಟ್ಟೇಲಿ ಕ್ಯಾನ್ಸರ್ ಜೀವಕೋಶಗಳನ್ನ ಬೆಳೆಯೋಕೇ ಬಿಡ್ಲಿಲ್ಲ! ಔಷಧಿ ಆಗುತ್ತೋ ಇಲ್ವೋ, ಈಗ್ಲೇ ಹೇಳಕ್ಕಾಗಲ್ಲ. ಪರೀಕ್ಷೆಗೆ ಇನ್ನಷ್ಟು ಬೇಕು. ಎಲ್ಲಿ ಸಿಕ್ತು?"

ಅದು ಸಿಕ್ಕಿದ ಜಾಗದಲ್ಲೇ ಅವನ ಒಳ್ಳೆಯ ಸ್ಪಂಜುಗಳೂ ಇದ್ದವು. ಬಾಯಿ ತಾನಾಗಿ ಆಡಿತು: "ಬಡಗು ಮೂಲೇಲಿ, ಕೆಂಪು ಬಂಡೆ ಕೆಳಗೆ ಕಣಮ್ಮ."

ಸಿಕ್ಕಿದ್ದು ನೀರೊಳಗಿನ ತೆಂಕಣ ಗುಹೆಯಲ್ಲಿ.

ಆ ಬೇಸಿಗೆ, ಮರುಬೇಸಿಗೆ, ಅರ್ಗಿರೋ ಕೆಂಪು ಬಂಡೆಯ ಕೆಳಗೆ ಹುಡುಕಿದಳು. ಬರಿಗೈಯಲ್ಲಿ ಬಂದು ಅವನ ಅಂಗಳದಲ್ಲಿ ಕೂತು, ಅವನ ಹೆಂಡತಿ ಥೆಮೆಲಿನಾ ಕೊಟ್ಟ ಒಣರೊಟ್ಟಿ, ಟೊಮೇಟೊ ತಿನ್ನುವಳು. "ನನ್ನ ಕಣ್ಣೇ ಸರಿಯಿಲ್ಲ ಮಾವ. ನೀವಂತೂ ಸರಿಯಾಗೇ ಹೇಳಿದ್ರಿ."

ಸಕೆಲ್ಲಾರಿಸ್ ತಲೆ ಎತ್ತುತ್ತಿರಲಿಲ್ಲ. ಬಲೆಚೀಲದ ಗಂಟು ಬಿಚ್ಚಿ, ಮತ್ತೆ ಅದೇ ಗಂಟು ಹಾಕುತ್ತಿದ್ದ.

"ಆ ಹುಡುಗೀಗೂ ನಿನ್ನ ಕಸುಬು ತೋರಿಸಿದ್ಯಾ?" ಎಂದಳು ಥೆಮೆಲಿನಾ, ಒಂದು ದಿನ ಅರ್ಗಿರೋ ಎದ್ದು ಹೋದ ಮೇಲೆ.

"ಈಗ ಹೇಳಿದ್ರೆ ಏನಂದ್ಕೋತಾಳೆ?"

"ಸುಳ್ಳುಗಾರ ಅಂದ್ಕೋತಾಳೆ. ಅಂದ್ಕೊಳ್ಳಲಿ ಬಿಡು, ನಿಜ ತಾನೆ?"

ಆದರೂ ಶರತ್ಕಾಲದವರೆಗೆ ಅವನ ನಾಲಗೆ ಏಳಲಿಲ್ಲ. ಅಷ್ಟರಲ್ಲಿ ಸಮುದ್ರ ಎಂದೂ ಇಲ್ಲದಷ್ಟು ಬಿಸಿಯಾಗಿ ಸ್ಪಂಜುಗಳು ಕೊಳೆತುಹೋಗಿದ್ದವು. ಕೊನೆಗೆ ಎಲ್ಲ ಹೇಳಿ ಅವಳನ್ನು ಗುಹೆಗೆ ಕರೆದೊಯ್ದ. ಬಂಡೆಯ ಮೇಲೆಲ್ಲ ಸತ್ತ ಸ್ಪಂಜುಗಳ ಬಿಳಿಯ ನಾರು. ಒಂದು ಸಂದಿಯಲ್ಲಿ ಮಾತ್ರ ಹೆಬ್ಬೆರಳಿನಷ್ಟು ನೇರಳೆ ಸ್ಪಂಜು. ಅವನು ಚಾಕು ತೆಗೆದ. ಅವಳು ಕೈ ಅಡ್ಡ ಹಿಡಿದಳು.

ದೋಣಿ ಹತ್ತಿದ ಮೇಲೆ ಕೂದಲು ಹಿಂಡಿಕೊಳ್ಳುತ್ತ ಹೇಳಿದಳು: "ಕೊಯ್ದರೆ ಅದೂ ಹೋಗುತ್ತೆ. ಬೆಳೀಲಿ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ." ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಸಂಜೆ ಬಂದರಿನ ಕಾಫಿ ಅಂಗಡಿಯಲ್ಲಿ, ಸ್ಪಂಜು ಕೊಯ್ಯುವವರೆಲ್ಲ ಇದ್ದಾಗ ಅವನು ಎದ್ದು ನಿಂತ. "ತೆಂಕಣ ಗುಹೇಲಿ ಒಂದು ನೇರಳೆ ಸ್ಪಂಜಿದೆ. ದಯವಿಟ್ಟು ಯಾರೂ ಅಲ್ಲಿ ಲಂಗರು ಹಾಕ್ಬೇಡಿ."

ಅವರಲ್ಲೊಬ್ಬ, ಮುದುಕ ಮಿಕೆಸ್, ಮೇಜು ಗುದ್ದಿ ನಕ್ಕ. "ಕೇಳಿದ್ರೇನ್ರೋ? ತೆಂಕಣ ಅಂತೆ! ನಾಳೆ ಎಲ್ರೂ ಬಡಗಿಗೆ ಹೊರಡಿ!"

ಅಂಗಡಿಯೆಲ್ಲ ನಕ್ಕಿತು. ಸಕೆಲ್ಲಾರಿಸ್ ತಾನೂ ನಗಲು ನೋಡಿದ, ಆಗಲಿಲ್ಲ.