ಮಿಲ್ಲಿನಣ್ಣನ ಆಯುಧಪೂಜೆ

ನಮ್ಮ ಮೋರಿ ಚೊಕ್ಕಟವಾಗಿದ್ದು ಯಾರಿಗೋ ಬುದ್ಧಿ ಬಂದಿದ್ದರಿಂದಲ್ಲ. ಇಬ್ಬರು ಇಂಜಿನಿಯರುಗಳು ಮಳೆಗೆ ಸಿಕ್ಕಿಹಾಕಿಕೊಂಡಿದ್ದರಿಂದ.

ಮೊನ್ನೆ ಹಬ್ಬಕ್ಕೆಂದು ಬೀರು ಒರೆಸುವಾಗ ಹಳೆಯ ಹಿಟ್ಟಿನ ಚೀಲ ಸಿಕ್ಕಿತು. ಮೂಗಿಗೆ ಹಿಡಿದೆ, ಸೀನಿ ಸೀನಿ ಸಾಕಾಯಿತು. ಅನುಮಾನವೇ ಇಲ್ಲ, ಹಿಟ್ಟು ಬೀಸಿಕೊಡುತ್ತಿದ್ದ ಮಿಲ್ಲಿನಣ್ಣನದೇ. ಮೆಣಸಿನಕಾಯಿ ಬೀಸಿದ ಮೆಷಿನ್ನಿಗೇ ಗೋಧಿ ಸುರಿಯುತ್ತಿದ್ದರು. ಬೀದಿಯವರೆಲ್ಲ ಚಪಾತಿ ತಿಂದು ಕಣ್ಣೊರೆಸಿಕೊಳ್ಳುತ್ತಿದ್ದೆವು...

ಕೆಂಗೇರಿಯಾಚೆ, ದೊಡ್ಡ ಮೋರಿಯ ಪಕ್ಕದಲ್ಲೇ ಅವರ ಹಿಟ್ಟಿನ ಗಿರಣಿ. ಈಚೆ ದಡ ನಗರಪಾಲಿಕೆಯದು, ಆಚೆ ದಡ ಪಂಚಾಯಿತಿಯದು. ಇವರು ಬಂದು ನಡುಮಧ್ಯದವರೆಗೆ ಮಾತ್ರ ಹೂಳು ಬಳಿದು ಹೋಗುತ್ತಿದ್ದರು. ಆಚೆಯ ಹೂಳು ಈಚೆಗೆ ಜಾರುತ್ತಿತ್ತು. ಆಮೇಲೆ ಅವರು ಬಂದು ತಮ್ಮರ್ಧ ಬಳಿಯುತ್ತಿದ್ದರು. ಈಚೆಯದು ಆಚೆಗೆ ಜಾರುತ್ತಿತ್ತು. ಮಳೆ ಬಂದರೆ ನೀರೆಲ್ಲ ಗಿರಣಿಯೊಳಗೆ. ಇನ್ನೊಂದು ಸಲ ಮೋಟರ್ ಸುಟ್ಟರೆ ಬಾಗಿಲು ಹಾಕುವುದೇ ಎಂದು ಅಣ್ಣ ತೀರ್ಮಾನಿಸಿದ್ದರು.

ಆ ವರ್ಷ ಆಯುಧಪೂಜೆಗೆ ಎರಡೂ ಕಡೆಯ ಇಂಜಿನಿಯರುಗಳನ್ನು ಕರೆದರು. ಒಬ್ಬರು ಬರುವುದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಕುಂಬಳಕಾಯಿ ಒಡೆಯುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ನೀರು ನುಗ್ಗಿತು. ಇಬ್ಬರೂ ಪ್ಯಾಂಟು ಮಡಚಿ, ಪ್ರಸಾದದ ತಟ್ಟೆ ಹಿಡಿದು, ಒಂದೇ ಬೆಂಚು ಹತ್ತಿದರು.

"ನೀರು ಬರ್ತಿರೋದು ನಿಮ್ಮ ಕಡೆಯಿಂದ ಸಾರ್," ಅಂದರು ನಗರದವರು.

"ನಿಂತಿರೋದು ನಿಮ್ಮ ಕಡೆ ಅಲ್ವಾ ಸಾರ್," ಅಂದರು ಪಂಚಾಯಿತಿಯವರು.

ಅಷ್ಟರಲ್ಲಿ ಯಾರೋ ಮೋರಿಗೆಸೆದ ಥರ್ಮೋಕೋಲಿನ ಗಣಪತಿ ಮಂಟಪ ತೇಲಿಬಂದು ಬೆಂಚಿಗೆ ಗುದ್ದಿತು.

"ಇದು ಯಾರ ಕಡೇದಪ್ಪಾ?" ಅಂದೆ ನಾನು. ಇಬ್ಬರೂ ಕಾಲಿನಿಂದ ಅದನ್ನು ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ತಳ್ಳಿದರು.

ಮಿಲ್ಲಿನಣ್ಣ ತಟ್ಟೆಗಳಿಗೆ ಇನ್ನಷ್ಟು ಪುರಿ ಸುರಿದರು. "ನಿಧಾನಕ್ಕೆ ಮಾತಾಡ್ಕೊಳ್ಳಿ ಸಾರ್. ನೀರಿಳಿಯೋಕೆ ಸಂಜೆ ಆಗುತ್ತೆ."

ಸಂಜೆಯೊಳಗೆ ಮಾತು ಮುಗಿದಿತ್ತು. ಹಬ್ಬ ಕಳೆದದ್ದೇ ಇಬ್ಬರೂ ಸೇರಿ ಒಂದೇ ಜೆಸಿಬಿ ತಂದು ಮೋರಿಯನ್ನು ದಡದಿಂದ ದಡಕ್ಕೆ ಬಳಿಸಿದರು. ಕಸದ ಗಾಡಿ ಎರಡೂ ದಡಕ್ಕೆ ಬರತೊಡಗಿತು. ಮೋರಿ ಹೋಗಿ ಸೇರುವ ಕೆಳಗಿನ ಕೆರೆಯ ನಾತ ಇಳಿದು ಬೆಳ್ಳಕ್ಕಿ ಬಂದವು. ಗಿರಣಿ ಉಳಿಯಿತು. ಚಪಾತಿಯ ಖಾರವೂ ಉಳಿಯಿತು...

ಈಗ ಅಣ್ಣ ಇಲ್ಲ. ಗಿರಣಿಯ ಜಾಗದಲ್ಲಿ ಮೊಬೈಲ್ ಅಂಗಡಿ. ಹೊಸ ಇಂಜಿನಿಯರುಗಳು ಮತ್ತೆ ಅರ್ಧರ್ಧ ಬಳಿಸುತ್ತಾರೆ. ಕಳೆದ ಮಳೆಗೆ ನನ್ನ ಅಡುಗೆಮನೆಗೇ ನೀರು. ಅಣ್ಣ ಇದ್ದಿದ್ದರೆ ಅನ್ನಿಸಿತು. ಅನ್ನಿಸಿ ಏನು ಬಂತು?

ಚೀಲ ಸಿಕ್ಕ ಮರುದಿನ ಬೆಳಿಗ್ಗೆ ಎರಡೂ ಆಫೀಸಿಗೆ ಹೋದೆ. "ನಾಳೆ ನಮ್ಮನೆ ಗ್ರೈಂಡರಿಗೆ ಪೂಜೆ, ಬಂದ್ಬಿಡಿ ಸಾರ್" ಎಂದು ಕರೆದೆ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲಿಲ್ಲ. ಮಧ್ಯಾಹ್ನದ ಮೇಲೇ ಬರಬೇಕು ಅಂದೆ. ಈಗೀಗ ದಿನಾ ಮಳೆ ಹಿಡಿಯುವುದು ಆ ಹೊತ್ತಿಗೇ.